121 ಸೋಲು: ವೈಟ್ ಸಾಕ್ಸ್ ಬೇಕಂತಲೇ ಸೋತರು ಅನ್ನುವುದು ನಿಜವಾ?

ಮೇಲಿನ ಸ್ಟ್ಯಾಂಡ್:

ಎಲ್ಲರಿಗೂ ನಮಸ್ಕಾರ. ನಾನು ಶಿಕಾಗೋದಲ್ಲಿ ಇರುವವಳು, ಇಲ್ಲಿನ ಬೇಸ್‌ಬಾಲ್ ತಂಡ ವೈಟ್ ಸಾಕ್ಸ್‌ನ ಅಭಿಮಾನಿ. ನಿಮ್ಮಲ್ಲಿ ಬೇಸ್‌ಬಾಲ್ ನೋಡುವವರು ಇದ್ದೀರಿ ಅಂತ ಗೊತ್ತು, ಅದಕ್ಕೇ ಕೇಳುತ್ತಿದ್ದೇನೆ.

2024ರ ಸೀಸನ್ ನೆನಪಿದೆ ಅಲ್ವಾ? 162 ಪಂದ್ಯದಲ್ಲಿ 41 ಗೆಲುವು, 121 ಸೋಲು. 1900ರಿಂದ ಈಚೆಗೆ ಅಮೆರಿಕದ ಅತಿ ದೊಡ್ಡ ಬೇಸ್‌ಬಾಲ್ ಲೀಗ್ ಆದ ಮೇಜರ್ ಲೀಗ್‌ನಲ್ಲಿ ಒಂದೇ ವರ್ಷ ಇಷ್ಟು ಪಂದ್ಯ ಯಾರೂ ಸೋತಿರಲಿಲ್ಲ. 1962ರಲ್ಲಿ ನ್ಯೂಯಾರ್ಕ್ ಮೆಟ್ಸ್ 120 ಸೋತಿತ್ತು. ಆದರೆ ಅದು ಆ ವರ್ಷವಷ್ಟೇ ಹುಟ್ಟಿದ ತಂಡ. ನಮ್ಮದು 2021ರಲ್ಲಿ 93 ಪಂದ್ಯ ಗೆದ್ದು ತನ್ನ ಡಿವಿಷನ್‌ನಲ್ಲಿ, ಅಂದರೆ ಲೀಗ್‌ನೊಳಗಿನ ತನ್ನ ಗುಂಪಿನಲ್ಲಿ, ಮೊದಲು ಬಂದ ತಂಡ!

ನನ್ನ ಆಫೀಸಿನಲ್ಲಿ ಶಿಕಾಗೋದ ಇನ್ನೊಂದು ತಂಡವಾದ ಕಬ್ಸ್ ಅಭಿಮಾನಿಗಳೇ ಜಾಸ್ತಿ. "ನಿಮ್ಮವರು ಬೇಕಂತಲೇ ಸೋತರು, ಮುಂದಿನ ಡ್ರಾಫ್ಟ್‌ನಲ್ಲಿ ಮೊದಲ ಆಯ್ಕೆ ಸಿಗಲಿ ಅಂತ" ಎಂದು ಇವತ್ತಿಗೂ ಹೇಳುತ್ತಾರೆ. (ಡ್ರಾಫ್ಟ್ ಅಂದರೆ ಹೊಸ ಆಟಗಾರರನ್ನು ತಂಡಗಳು ಸರದಿಯಲ್ಲಿ ಆರಿಸಿಕೊಳ್ಳುವುದು; ಹೆಚ್ಚು ಸೋತವರಿಗೆ ಮೊದಲ ಸರದಿ ಸಿಗುತ್ತದೆ ಅನ್ನುವುದು ಅವರ ಲೆಕ್ಕ.) ಸೋತರು ಅಂದರೆ ಒಪ್ಪುತ್ತೇನೆ. ಬೇಕಂತಲೇ ಅಂದಾಗ ಮಾತ್ರ ಹೊಟ್ಟೆ ಉರಿಯುತ್ತದೆ.

ಯಾಕೆಂದರೆ ಆ ವರ್ಷದ ಆಟ ನಾನು ನೋಡಿದ್ದೇನೆ. ಮೇ 23ರ ಪಂದ್ಯವನ್ನೇ ತೆಗೆದುಕೊಳ್ಳಿ. ಬಾಲ್ಟಿಮೋರ್ ಓರಿಯೋಲ್ಸ್ ಎದುರು, ಕೊನೆಯ ಇನ್ನಿಂಗ್ಸ್. ನಮ್ಮವರು ಒಂದೊಂದೇ ರನ್ ಸೇರಿಸಿ 8-6ರ ತನಕ ಬಂದಿದ್ದರು. ಮೂರು ಔಟ್ ಆದರೆ ಆಟ ಮುಗಿಯಿತು; ಆಗಿದ್ದು ಒಂದು ಔಟ್, ಇಬ್ಬರು ಬೇಸ್ ಮೇಲೆ. ನಮ್ಮ ಬೆನಿನ್‌ಟೆಂಡಿ ಹೊಡೆದ ಚೆಂಡು ಎರಡನೇ, ಮೂರನೇ ಬೇಸ್ ನಡುವೆ ನಿಲ್ಲುವ ಶಾರ್ಟ್‌ಸ್ಟಾಪ್ ಕಡೆ ಮೇಲಕ್ಕೆ ಹೋಯಿತು. ಇನ್‌ಫೀಲ್ಡ್ ಫ್ಲೈ, ಅಂದರೆ ಹತ್ತಿರದಲ್ಲೇ ಬೀಳುವ ಸುಲಭದ ಕ್ಯಾಚ್, ಹಾಗಾಗಿ ಹಿಡಿಯಲಿ ಬಿಡಲಿ ಬ್ಯಾಟರ್ ಹೇಗೂ ಔಟ್. ಎರಡನೇ ಬೇಸ್‌ನಲ್ಲಿದ್ದ ವಾನ್ ತನ್ನ ಬೇಸ್‌ಗೆ ವಾಪಸ್ ಬರುತ್ತಿದ್ದ, ಫೀಲ್ಡರ್ ಹೆಂಡರ್ಸನ್ ಅವನ ಪಕ್ಕದಲ್ಲೇ ಹಾದು ಆರಾಮಾಗಿ ಕ್ಯಾಚ್ ಹಿಡಿದ. ಅಂಪೈರ್ ನೋಡಿದರೆ ವಾನ್ ಅಡ್ಡ ಬಂದ ಅಂತ ಅವನನ್ನೂ ಔಟ್ ಕೊಟ್ಟರು. ಅಷ್ಟೇ, ಪಂದ್ಯ ಮುಗಿಯಿತು. ಸೋಲಬೇಕು ಅಂತ ಬಂದವರು ಅಲ್ಲಿಯವರೆಗೆ ಹೋರಾಡುತ್ತಾರಾ?

ಬಲ್ಲವರು ಯಾರಾದರೂ ಬಿಡಿಸಿ ಹೇಳಿ. ಮೂರೇ ವರ್ಷದಲ್ಲಿ ಒಂದು ತಂಡ ಹೀಗೆ ನೆಲ ಕಚ್ಚಿದ್ದು ಹೇಗೆ? ಡ್ರಾಫ್ಟ್‌ಗೋಸ್ಕರ ಸೋತರು ಅನ್ನುವುದರಲ್ಲಿ ಹುರುಳಿದೆಯಾ?

ಎಡಗೈ ಪಿಚರ್:

ಮೇಡಂ, ಡ್ರಾಫ್ಟ್ ವಿಷಯ ಮೊದಲು ಹೇಳಿಬಿಡುತ್ತೇನೆ, ನಿಮ್ಮ ಆಫೀಸಿನವರಿಗೆ ನೇರವಾಗಿ ತೋರಿಸಬಹುದು. 121 ಸೋತರೂ 2025ರ ಡ್ರಾಫ್ಟ್‌ನಲ್ಲಿ ವೈಟ್ ಸಾಕ್ಸ್‌ಗೆ ಸಿಕ್ಕಿದ್ದು 10ನೇ ಆಯ್ಕೆ. ಮೊದಲ ಆಯ್ಕೆ ವಾಷಿಂಗ್ಟನ್ ನ್ಯಾಷನಲ್ಸ್‌ಗೆ ಹೋಯಿತು.

2022ರಲ್ಲಿ ಲೀಗ್ ಮತ್ತು ಆಟಗಾರರ ಸಂಘದ ನಡುವೆ ಆದ ಒಪ್ಪಂದದ ನಂತರ ಮೊದಲ ಆರು ಆಯ್ಕೆಗಳನ್ನು ಲಾಟರಿಯಲ್ಲಿ ಎತ್ತುತ್ತಾರೆ. ದೊಡ್ಡ ಊರಿನ, ಆದಾಯ ಜಾಸ್ತಿ ಇರುವ ತಂಡಗಳಿಗೆ ಇನ್ನೂ ಒಂದು ಕಟ್ಟು ಇದೆ: ಒಂದು ವರ್ಷ ಲಾಟರಿಯಲ್ಲಿ ಆಯ್ಕೆ ಸಿಕ್ಕಿದರೆ ಮರುವರ್ಷ ಲಾಟರಿಗೆ ಪ್ರವೇಶವೇ ಇಲ್ಲ, ಹತ್ತನೆಯದಕ್ಕಿಂತ ಮೊದಲಿನ ಆಯ್ಕೆಯೂ ಸಿಗುವಂತಿಲ್ಲ. 2024ರ ಡ್ರಾಫ್ಟ್‌ನಲ್ಲಿ ವೈಟ್ ಸಾಕ್ಸ್‌ಗೆ 5ನೇ ಆಯ್ಕೆ ಸಿಕ್ಕಿತ್ತು. ಅಂದರೆ 2024ರಲ್ಲಿ ಎಷ್ಟೇ ಸೋತರೂ ಆ ದಾರಿ ಮುಚ್ಚಿತ್ತು. ಇದು ಸೀಸನ್ ಶುರುವಾಗುವ ಮೊದಲೇ ತಂಡದವರಿಗೆ ಗೊತ್ತಿದ್ದ ವಿಷಯ. ಸೋತು ಸಂಪಾದಿಸಲು ಏನೂ ಇರಲಿಲ್ಲ.

ಆದರೆ ಆಟಗಾರರು ಬೇಕಂತ ಸೋಲದಿರುವುದು ಬೇರೆ, ಗೆಲ್ಲುವಂಥ ತಂಡವನ್ನು ಆಡಳಿತ ಕೊಡದಿರುವುದು ಬೇರೆ. ನನ್ನ ಸಿಟ್ಟು ಇರುವುದು ಎರಡನೆಯದರ ಮೇಲೆ. 2021ರ ತಂಡದ ಬುಡವನ್ನು ಯಾರೂ ಗಟ್ಟಿ ಮಾಡಲಿಲ್ಲ. ಅಬ್ರೇಯು 2022ರ ನಂತರ ಹೊರಟರು. 2023ರ ಮಧ್ಯದಲ್ಲಿ ಪಿಚರ್‌ಗಳಾದ ಜಿಯೋಲಿಟೋ, ಲಿನ್ ಇಬ್ಬರನ್ನೂ ಬೇರೆ ತಂಡಗಳಿಗೆ ಕೊಟ್ಟರು. ಟಿಮ್ ಆ್ಯಂಡರ್ಸನ್‌ನನ್ನು ಉಳಿಸಿಕೊಳ್ಳಲಿಲ್ಲ. 2024ರ ಮಾರ್ಚ್‌ನಲ್ಲಿ, ಸೀಸನ್ ಇನ್ನೇನು ಶುರು ಅನ್ನುವಾಗ, ಪಿಚರ್ ಡಿಲನ್ ಸೀಸ್‌ನನ್ನು ಸ್ಯಾನ್ ಡಿಯಾಗೋಗೆ ಕೊಟ್ಟರು. ಜುಲೈ 25ರಂದು ಸೀಸ್ ಆ ತಂಡಕ್ಕೆ ನೋ-ಹಿಟ್ಟರ್ ಎಸೆದ, ಅಂದರೆ ಇಡೀ ಪಂದ್ಯದಲ್ಲಿ ಎದುರಾಳಿಗೆ ಒಂದು ಹಿಟ್ಟೂ ಕೊಡಲಿಲ್ಲ. ಆ ಹೊತ್ತಿಗೆ ಅವನ ಹಳೇ ತಂಡ ಸತತ 21 ಸೋಲಿನ ನಡುವೆ ಸಿಕ್ಕಿಕೊಂಡಿತ್ತು. ಆವತ್ತು ನನಗೆ ಎಷ್ಟು ಸಂಕಟವಾಯಿತೆಂದು ಹೇಳತೀರದು.

ಉಳಿದವರಲ್ಲಿ ಗಾಯದ ಕಾಟ. ಮೊಂಕಾಡಾ ಇಡೀ ವರ್ಷ ಆಡಿದ್ದು 12 ಪಂದ್ಯ. ಲೂಯಿಸ್ ರಾಬರ್ಟ್ 100. ಒಬ್ಬ ಬಿದ್ದರೆ ಅವನ ಜಾಗಕ್ಕೆ ನಿಲ್ಲುವ ಹುಡುಗರು ಕೆಳ ಹಂತದ ಮೈನರ್ ಲೀಗ್‌ನಲ್ಲಿ ತಯಾರಾಗಿರಬೇಕಿತ್ತು, ಆಗಿರಲಿಲ್ಲ. ಇಡೀ ವರ್ಷ ಗಳಿಸಿದ್ದು 507 ರನ್, ಅಂದರೆ ಪಂದ್ಯಕ್ಕೆ ಸರಾಸರಿ ಮೂರು ಚಿಲ್ಲರೆ. ಅಷ್ಟರಲ್ಲಿ ಯಾವ ಪಿಚರ್ ತಾನೇ ಗೆಲ್ಲಿಸುತ್ತಾನೆ? ಗ್ಯಾರೆಟ್ ಕ್ರೋಶೆ 146 ಇನ್ನಿಂಗ್ಸ್‌ನಲ್ಲಿ 209 ಸ್ಟ್ರೈಕ್‌ಔಟ್ ಮಾಡಿದ, ಅಂದರೆ ಮೂರು ಸ್ಟ್ರೈಕ್‌ಗೆ ಬ್ಯಾಟರ್‌ನನ್ನು ಔಟ್ ಮಾಡಿದ್ದು ಅಷ್ಟು ಸಲ. ಅವನ ಲೆಕ್ಕದಲ್ಲಿ ಬರೆದಿದ್ದು 6 ಗೆಲುವು, 12 ಸೋಲು. ಅನ್ಯಾಯ ಅಂದರೆ ಇದು.

ಹೊಸ ನೋಡುಗ:

ಸುಮ್ನೆ ಒಂದು ಪ್ರಶ್ನೆ. ಇಷ್ಟು ಸೋತರೆ ಫುಟ್‌ಬಾಲ್ ಲೀಗ್‌ಗಳ ಹಾಗೆ ಕೆಳಗಿನ ಲೀಗ್‌ಗೆ ಇಳಿಸುವುದಿಲ್ಲವಾ?

ಎಡಗೈ ಪಿಚರ್:

ಇಲ್ಲ. 30 ತಂಡಗಳೂ ಖಾಯಂ. ಮಾಲೀಕರಿಗೆ ಆ ಭಯವಿಲ್ಲ, ಅದೇ ದೊಡ್ಡ ತೊಂದರೆ. ವೈಟ್ ಸಾಕ್ಸ್ 1981ರಿಂದ ಜೆರ್ರಿ ರೈನ್ಸ್‌ಡಾರ್ಫ್ ಕೈಯಲ್ಲಿದೆ. 2024ರ ಹೊತ್ತಿಗೆ ಈ ತಂಡ ಒಬ್ಬ ಆಟಗಾರನಿಗೆ ಕೊಟ್ಟ ಅತಿ ದೊಡ್ಡ ಗುತ್ತಿಗೆ ಬೆನಿನ್‌ಟೆಂಡಿಯದು, ಐದು ವರ್ಷಕ್ಕೆ 7.5 ಕೋಟಿ ಡಾಲರ್. ಶಿಕಾಗೋದಂಥ ಊರಿನ ತಂಡಕ್ಕೆ ಇದು ತೀರಾ ಕಡಿಮೆ.

ಡೆಟ್ರಾಯ್ಟ್ ಹುಲಿ:

ನಾನು ಡೆಟ್ರಾಯ್ಟ್ ತಂಡ ಟೈಗರ್ಸ್ ಕಡೆಯವನು. ನಿಮ್ಮ 121ನೇ ಸೋಲು ಆಗಿದ್ದು ನಮ್ಮ ಮೈದಾನದಲ್ಲೇ, ಸೆಪ್ಟೆಂಬರ್ 27, 4-1. ಅದೇ ರಾತ್ರಿ ನಾವು ಹತ್ತು ವರ್ಷದ ನಂತರ ಪ್ಲೇಆಫ್‌ಗೆ, ಅಂದರೆ ಸೀಸನ್ ನಂತರದ ನಾಕೌಟ್ ಸುತ್ತಿಗೆ, ಹೋದೆವು. ಕುಣಿದೆವು, ನಿಜ. ಆದರೆ ಎದುರಿನ ತಂಡದ ನೋವು ನಮ್ಮಷ್ಟು ಯಾರಿಗೂ ಅರ್ಥವಾಗುವುದಿಲ್ಲ ಅಕ್ಕಾ. 2003ರಲ್ಲಿ ನಾವು 119 ಸೋತಿದ್ದೆವು. ಕೊನೆಯ ಆರರಲ್ಲಿ ಐದು ಗೆದ್ದಿದ್ದಕ್ಕೆ ಮೆಟ್ಸ್ ದಾಖಲೆ ಮುಟ್ಟದೆ ಪಾರಾದೆವು. ಅದಾಗಿ ಮೂರೇ ವರ್ಷಕ್ಕೆ, 2006ರಲ್ಲಿ, ಲೀಗ್‌ನ ಫೈನಲ್ ಆದ ವರ್ಲ್ಡ್ ಸೀರೀಸ್ ಆಡಿದೆವು.

ಸುಮ್ಮನೆ ಕಾದಿದ್ದಕ್ಕೆ ಆಗಿದ್ದಲ್ಲ ಅದು. ಐವಾನ್ ರೊಡ್ರಿಗೆಜ್, ಮ್ಯಾಗ್ಲಿಯೋ ಓರ್ಡೋನ್ಯೆಸ್ ಅಂಥವರನ್ನು ದುಡ್ಡು ಸುರಿದು ತಂದರು. ಪಿಚರ್ ವರ್ಲ್ಯಾಂಡರ್ ಡ್ರಾಫ್ಟ್‌ನಲ್ಲಿ ಸಿಕ್ಕಿದ. ಓರ್ಡೋನ್ಯೆಸ್ ನಿಮ್ಮ ಹಳೇ ಆಟಗಾರನೇ.

ಮೇಲಿನ ಸ್ಟ್ಯಾಂಡ್:

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಲಾಟರಿಯ ಆ ಕಟ್ಟು ನನಗೆ ಗೊತ್ತೇ ಇರಲಿಲ್ಲ.

ಡೆಟ್ರಾಯ್ಟ್‌ನವರೇ, ಆ 27ಕ್ಕೆ ಮೊದಲಿನ ಮೂರು ದಿನದ ಕಥೆಯನ್ನೂ ಹೇಳಬೇಕು. 120 ಸೋತು ಮನೆಗೆ ಬಂದಿದ್ದರು, ಇನ್ನೊಂದು ಸೋತರೆ ದಾಖಲೆ. ಎದುರಿಗೆ ಏಂಜಲ್ಸ್ ತಂಡ. 24ರ ರಾತ್ರಿ ನಾನು ಮೈದಾನದಲ್ಲಿದ್ದೆ. ಏಳು ಇನ್ನಿಂಗ್ಸ್ ಮುಗಿದಾಗ ನಾವು ಹಿಂದೆ. ಹಾಗೆ ಹಿಂದೆ ಬಿದ್ದ ಒಂದು ಪಂದ್ಯವನ್ನೂ ಆ ವರ್ಷ ಗೆದ್ದಿರಲಿಲ್ಲ. ದಾಖಲೆ ಆಗುವುದನ್ನು ನೋಡಲೆಂದೇ ಬಂದವರು ಸುತ್ತಲೂ ಇದ್ದರು. "ಸೆಲ್ ದ ಟೀಮ್, ಸೆಲ್ ದ ಟೀಮ್" (ತಂಡ ಮಾರಿಬಿಡಿ) ಅಂತ ಮಾಲೀಕರಿಗೆ ಕೇಳುವ ಹಾಗೆ ಕೂಗು. ಎಂಟನೇ ಇನ್ನಿಂಗ್ಸ್‌ನಲ್ಲಿ ನಮ್ಮವರು ಮೂರು ರನ್ ಹೊಡೆದು 3-2ರಲ್ಲಿ ಗೆದ್ದರು. ಮಾರನೇ ದಿನ ಹತ್ತನೇ ಇನ್ನಿಂಗ್ಸ್‌ನಲ್ಲಿ ಗೆದ್ದರು. ಅದರ ಮಾರನೇ ದಿನ 7-0. ಡೆಟ್ರಾಯ್ಟ್‌ನಲ್ಲಿ ಸೋತ ಮೇಲೂ ಉಳಿದ ಎರಡೂ ಪಂದ್ಯ ಗೆದ್ದೇ ಸೀಸನ್ ಮುಗಿಸಿದರು. ದಾಖಲೆ ಆಗಿಹೋಗಿತ್ತು, ಮ್ಯಾನೇಜರ್ ಗ್ರಿಫೋಲ್ ಆಗಸ್ಟ್‌ನಲ್ಲೇ ಕೆಲಸ ಕಳೆದುಕೊಂಡಿದ್ದರು, ಅರ್ಧ ತಂಡಕ್ಕೆ ಮುಂದಿನ ವರ್ಷ ಕೆಲಸ ಇರುತ್ತದೋ ಇಲ್ಲವೋ ಗೊತ್ತಿರಲಿಲ್ಲ. ಆದರೂ ಆಡಿದರು. ಆ ಹುಡುಗರಿಗೆ ಬೇಕಂತ ಸೋತ ಹೆಸರು ಅಂಟಬಾರದು.

ಎಡಗೈ ಪಿಚರ್:

ಅದಂತೂ ನೂರಕ್ಕೆ ನೂರು ನಿಜ.

2025ರಲ್ಲಿ 60 ಗೆಲುವು, 102 ಸೋಲು. ಹೇಳಿಕೊಳ್ಳುವಂಥದ್ದಲ್ಲ, ಆದರೂ 19 ಗೆಲುವು ಜಾಸ್ತಿ. ಕೋಲ್ಸನ್ ಮಾಂಟ್‌ಗಮೆರಿ ಜುಲೈನಲ್ಲಿ ಬಂದು 21 ಹೋಮ್‌ರನ್ ಹೊಡೆದ. ಕ್ರೋಶೆಯನ್ನು ಬಾಸ್ಟನ್‌ಗೆ ಕೊಟ್ಟಾಗ ನಾನು ಬೈದಿದ್ದೆ, ಆದರೆ ಅಲ್ಲಿಂದ ಬಂದ ಕ್ಯಾಚರ್ ಕೈಲ್ ಟೀಲ್ ಒಳ್ಳೆ ಹುಡುಗ, ನೋಡಿ. ಈ ಇಬ್ಬರ ಸುತ್ತ ನಾಲ್ಕು ಒಳ್ಳೆ ಪಿಚರ್‌ಗಳನ್ನು ದುಡ್ಡು ಕೊಟ್ಟು ತರುತ್ತಾರಾ ಅನ್ನುವುದೇ ಈಗಿನ ಪ್ರಶ್ನೆ. ಡೆಟ್ರಾಯ್ಟ್‌ನವರು ಹೇಳಿದ್ದೂ ಅದನ್ನೇ ಅಲ್ವಾ.