ಬೋಲ್ಡ್ ಸೆರಿಫ್‌ಗೆ ಕನ್ನಡದಲ್ಲಿ ಏನನ್ನೋಣ? ನಾಳೆಗೇ ಬೇಕು

ಮಡಿಕೇರಿಯಿಂದ:
ಹಳೇ ಕಾಫಿ ಚೀಲ, ಮರದ ಪೆಟ್ಟಿಗೆಗಳ ಸಣ್ಣ ಪ್ರದರ್ಶನ ಇಡುತ್ತಿದ್ದೇವೆ. ಅವುಗಳ ಮೇಲೆ ಎಸ್ಟೇಟಿನ ಹೆಸರು ದಪ್ಪ ಇಂಗ್ಲಿಷ್ ಅಕ್ಷರದಲ್ಲಿದೆ. ಪಕ್ಕದ ಬೋರ್ಡಿಗೆ ನಾನು ಕನ್ನಡ ಮಾಡಬೇಕಾದ ಸಾಲು ಇದು: ಕ್ಲ್ಯಾರೆಂಡನ್ ಎಂಬ ಅಕ್ಷರಜಾತಿಯ ಬೋಲ್ಡ್ ಸೆರಿಫ್, 1845ರಲ್ಲಿ ಅಚ್ಚುಮೊಳೆ ಎರೆಯುತ್ತಿದ್ದ ಲಂಡನ್ನಿನ ಫ್ಯಾನ್ ಸ್ಟ್ರೀಟ್ ಫೌಂಡ್ರಿಯಿಂದ ರಾಬರ್ಟ್ ಬೆಸ್ಲಿ ಹೊರತಂದದ್ದು. ಬೋಲ್ಡ್‌ಗೆ ದಪ್ಪ ಸಾಕು. ಸೆರಿಫ್‌ಗೆ, ಅಂದರೆ ಅಕ್ಷರದ ಗೆರೆಗಳ ತುದಿಯಲ್ಲಿರುವ ಅಡ್ಡಪಟ್ಟಿಗೆ? ‘ತಲೆಕಟ್ಟು’ ಅಂತ ಬರೆದಿದ್ದೆ, ಪೇಂಟರ್ ನಕ್ಕುಬಿಟ್ಟ. ನಾಳೆ ಬೆಳಿಗ್ಗೆ ಬರುತ್ತಾನೆ, ಮಳೆ ಬಿಟ್ಟರೆ.

ಸೋಮವಾರಪೇಟೆಯಿಂದ:
ನಕ್ಕಿದ್ದು ಸರಿಯೇ. ತಲೆಕಟ್ಟು ಅಲಂಕಾರ ಅಲ್ಲ, ಅಕ್ಷರದ ಅಂಗ. ‘ಕ’ದ ತಲೆಕಟ್ಟು ತೆಗೆದು ಗುಡಿಸು ಕೊಟ್ಟರೆ ‘ಕಿ’, ಉಲಿಯೇ ಬದಲಾಯಿತು. ಬ, ಲ, ಜಗಳಿಗೆ ಅದು ಇಲ್ಲವೇ ಇಲ್ಲ. ಸೆರಿಫ್ ಹಾಗಲ್ಲ. ಇಂಗ್ಲಿಷಿನ ‘ಟಿ’ಯ ತುದಿಗಳನ್ನು ಕೆತ್ತಿ ಎಸೆದರೂ ಅದು ‘ಟಿ’ಯೇ.

ಕುಶಾಲನಗರದಿಂದ:
ಬುಡದಿಂದ ಹೋಗೋಣ. ಫಾಂಟ್‌ನ ಬೇರು ಫ್ರೆಂಚಿನ ‘ಕರಗಿಸು’. ಸೀಸ, ತವರ, ಆಂಟಿಮನಿ ಕರಗಿಸಿ ಅಚ್ಚುಮೊಳೆ ಎರೆಯುತ್ತಿದ್ದರು. ನಮ್ಮಲ್ಲಿ ‘ಎರಕ’ ಇದ್ದೇ ಇದೆ. ಹಾಗಾಗಿ ಫಾಂಟ್ ಎರಕ, ಬೋಲ್ಡ್ ಫಾಂಟ್ ದಪ್ಪೆರಕ, ಸೆರಿಫ್ ಮೊನೆಗೆರೆ. ಎರವಲು ಬೇಡ. ಮುಗಿಯಿತು.

ವಿರಾಜಪೇಟೆಯಿಂದ:
ಎರಕ ಯಾರು ಕೇಳಿದರು? ಮೊನೆ ಅಂದರೆ ಚೂಪು. ಕ್ಲ್ಯಾರೆಂಡನ್‌ನ ತುದಿ ಮೊಂಡು. ಅದು ದಪ್ಪ ಪಟ್ಟಿ, ಗೆರೆಗೆ ಸೇರುವಲ್ಲಿ ಒಳಕ್ಕೆ ಬಾಗಿರುತ್ತದೆ. ಐನ್‌ಮನೆಯ, ಅಂದರೆ ಕೊಡವರ ಮೂಲಮನೆಯ ಕಂಬ ನೋಡಿ, ಮೇಲೆ ತೊಲೆ ಹೊರಲು ಅಗಲವಾಗುತ್ತದಲ್ಲ, ಅದೇ ರೀತಿ. ‘ಬೋದಿಗೆ’ ಅನ್ನಿ. ಇನ್ನೊಂದು, ಈ ಅಕ್ಷರ ಹುಟ್ಟಿದ್ದು ಬರೀ ಬೋರ್ಡಿಗಲ್ಲ. ಮಾಮೂಲಿ ಅಕ್ಷರದ ಸಾಲಿನ ನಡುವೆ ಒಂದು ಪದ ಎದ್ದು ಕಾಣಲಿ ಅಂತ ಮಾಡಿದ್ದು. ಅದಕ್ಕೇ ನಿಘಂಟಿನವರಿಗೆ ಇಷ್ಟವಾಯಿತು. ಬೆಸ್ಲಿ ಅದನ್ನು ನೋಂದಾಯಿಸಿದ್ದ, ಆದರೆ ಸಿಕ್ಕ ರಕ್ಷಣೆ ಮೂರೇ ವರ್ಷ. ಆಮೇಲೆ ಎಲ್ಲರೂ ನಕಲು ಹೊಡೆದರು. ಅಮೆರಿಕದವರು ಮರದ ಅಚ್ಚುಮೊಳೆಯಲ್ಲಿ ತುದಿಗಳನ್ನೇ ಊದಿಸಿ ಪೋಸ್ಟರಿಗೆ ಇಳಿಸಿದರು. ಇದನ್ನೂ ಬೋರ್ಡಿಗೆ ಹಾಕಿ.

ಕುಶಾಲನಗರದಿಂದ:
ಬೋದಿಗೆ ಕಂಬದ ಮೇಲೆ ಮಾತ್ರ. ಅಡಿಯ ಪಟ್ಟಿಗೆ ಏನನ್ನುತ್ತೀರಿ? ಸುಮ್ನೆ ಚಂದಕ್ಕೆ ಪದ ಕಟ್ಟಬಾರದು.

ವಿರಾಜಪೇಟೆಯಿಂದ:
ಕಾಫಿ ಅನ್ನುವ ಪದವೇ ಹೊರಗಿನದು. ಕಾಗದ ಪಾರಸಿಯದು. ನಾವು ನಮ್ಮ ಭಾಷೆ ಕೊಡವ ತಕ್ಕ್ ಬರೆಯುವುದು ಕನ್ನಡ ಲಿಪಿಯಲ್ಲಿ, ಅದೂ ಎರವಲೇ ಅಲ್ವಾ? ನಿಮಗೆ ಸೆರಿಫ್ ಒಂದೇ ಗಂಟಲಲ್ಲಿ ಸಿಕ್ಕಿಕೊಂಡಿತೇ?

ಕುಶಾಲನಗರದಿಂದ:
ಲಿಪಿ ಬೇರೆ, ಪದ ಬೇರೆ. ಇಷ್ಟು ಗೊತ್ತಿಲ್ಲದವರ ಜೊತೆ ಚರ್ಚೆ ಇಲ್ಲ.

ಸೋಮವಾರಪೇಟೆಯಿಂದ:
ಕೇಳಿದವರಿಗೆ ಇನ್ನೂ ಉತ್ತರ ಸಿಕ್ಕಿಲ್ಲ. ಸೆರಿಫ್ ಅಂತಲೇ ಇಟ್ಟು, ಏನೆಂದು ಒಂದು ಮಾತಿನಲ್ಲಿ ಬಿಡಿಸಿ ಹೇಳಿ. ಬೋರ್ಡ್ ಓದುವವರು ಮಕ್ಕಳು.

ಮಡಿಕೇರಿಯಿಂದ:
ಮಳೆ ಬಿಡಲಿಲ್ಲ, ಆದರೂ ಪೇಂಟರ್ ಬಂದ. ಬರೆಸಿದ್ದು ಹೀಗೆ: ‘ಕ್ಲ್ಯಾರೆಂಡನ್, ಗೆರೆಗಳ ತುದಿಗೆ ಸೆರಿಫ್ ಎಂಬ ಅಡ್ಡಪಟ್ಟಿ ಇರುವ ದಪ್ಪಕ್ಷರ.’ ಎರಕ, ಬೋದಿಗೆ, ಮೊನೆಗೆರೆ ಎಲ್ಲ ಓದಿ ಹೇಳಿದೆ. ಬ್ರಷ್ ಒರೆಸುತ್ತಾ ‘ಕಾಲಿರೋ ಅಕ್ಷರ ಅಂದ್ರೆ ಆಯ್ತಲ್ವಾ ಸಾರ್’ ಅಂದ.

ಕುಶಾಲನಗರದಿಂದ:
ಮೇಲಿನ ತುದಿಗೂ ಕಾಲೇ?