ನಾಲ್ಕು ಬೆಕ್ಕಿನ ಮನೆಗೆ ತಾನೇ ಸೋಸಿಕೊಳ್ಳುವ ಲಿಟರ್ ಬಾಕ್ಸ್ ಒಂದು ಸಾಕೇ?

ಕೇಳಿದ್ದು: ಬೆಂಗಳೂರಿನಲ್ಲಿ ಎರಡು ಬೆಡ್‌ರೂಮಿನ ಫ್ಲ್ಯಾಟು. ಬೆಕ್ಕು ನಾಲ್ಕು, ಅದರಲ್ಲಿ ಒಂದು ಮೂರು ತಿಂಗಳ ಮರಿ. ಈಗ ಸಾದಾ ಟ್ರೇ ಮೂರಿವೆ. ತಿರುಗುವ ಡ್ರಮ್ಮಿನ ಆಟೋಮ್ಯಾಟಿಕ್ ಬಾಕ್ಸ್ ತಂದರೆ ಟ್ರೇಗಳನ್ನೆಲ್ಲ ಎತ್ತಿಬಿಡಬಹುದಾ? ಯಾವ ಲಿಟರ್ (ಬೆಕ್ಕಿನ ಗಲೀಜಿಗೆ ಹಾಸುವ ಮರಳಿನಂಥ ಪದಾರ್ಥ) ಹಾಕಬೇಕು? ಬಳಸಿ ಗೊತ್ತಿರುವವರು ಹೇಳಿ.

ಬೆಂಗಳೂರಿನಿಂದ: ಎಲ್ಲವನ್ನೂ ಎತ್ತಬೇಡಿ. ಮೆಷಿನ್ ತಿರುಗಿ, ಜರಡಿಯಲ್ಲಿ ಗಲೀಜು ಸೋಸಿ ಕೆಳಗಿನ ಕಸದ ಡ್ರಾಯರಿಗೆ ಹಾಕುತ್ತದೆ ಅಷ್ಟೇ, ಸರದಿ ತಪ್ಪಿಸುವುದಿಲ್ಲ. ಬಾಗಿಲು ಒಂದೇ. ಜೋರಿನ ಬೆಕ್ಕು ಅದರ ಮುಂದೆ ಮಲಗಿತೆಂದರೆ ಪುಕ್ಕಲು ಬೆಕ್ಕು ಸೋಫಾ ಹಿಂದೆ ಹೋಗಿ ಮುಗಿಸಿಕೊಳ್ಳುತ್ತದೆ. ಬೆಕ್ಕಿನ ಸಂಖ್ಯೆಗಿಂತ ಒಂದು ಟ್ರೇ ಹೆಚ್ಚಿಗೆ ಇರಲಿ ಅನ್ನುವುದು ಪಶುವೈದ್ಯರ ಲೆಕ್ಕ. ಡ್ರಮ್ ಬಂದರೆ ಸ್ವಲ್ಪ ಸಡಿಲಿಸಬಹುದು, ಆದರೂ ಬೇರೆ ಬೇರೆ ಕೋಣೆಯಲ್ಲಿ ಎರಡು ಸಾದಾ ಟ್ರೇ ಇರಲೇಬೇಕು. ಡ್ರಮ್ಮನ್ನು ಮೂಲೆಗೆ ತಳ್ಳಬೇಡಿ, ಬೆಕ್ಕಿಗೆ ಎರಡು ಕಡೆಯಿಂದ ಓಡಲು ದಾರಿ ಬೇಕು.

ಲಿಟರ್ ವಿಷಯದಲ್ಲಿ ಎಡವುವವರೇ ಹೆಚ್ಚು. ಡ್ರಮ್ಮಿಗೆ ಬೇಗ ಉಂಡೆ ಕಟ್ಟುವ, ಸಣ್ಣ ಕಾಳಿನ ಬೆಂಟೊನೈಟ್ (ನೀರು ಹೀರಿ ಊದುವ ಜೇಡಿಮಣ್ಣು) ಬೇಕು. ಮರದ ಪೆಲೆಟ್ ಜರಡಿಯ ತೂತಿನಲ್ಲಿ ಇಳಿಯುವುದಿಲ್ಲ, ಕಸದ ಜೊತೆ ಡ್ರಾಯರಿಗೆ ಹೋಗುತ್ತದೆ. ಟೋಫು (ಸೋಯಾ ಚರಟದ) ಲಿಟರ್ ಆಗುವುದೂ ಬಿಡುವುದೂ ತೂತಿನ ಅಳತೆಯ ಮೇಲೆ. ಕೊಳ್ಳುವ ಮುಂಚೆ ಪರೀಕ್ಷೆ ಸುಲಭ: ಬಟ್ಟಲಿಗೆ ಮೂರು ಇಂಚು ಲಿಟರ್ ಹಾಕಿ, ಒಂದೇ ಜಾಗಕ್ಕೆ ನಾಲ್ಕು ಟೀ ಚಮಚ ನೀರು ಸುರಿಯಿರಿ. 7 ನಿಮಿಷ ಬಿಟ್ಟು ಎತ್ತಿ, ಒಂದು ಅಡಿ ಎತ್ತರದಿಂದ ಪೇಪರ್ ಮೇಲೆ ಬೀಳಿಸಿ. ಒಡೆದರೆ ಆ ಲಿಟರ್ ಡ್ರಮ್ಮಿಗೆ ಬೇಡ. ಒಡೆದ ಚೂರೆಲ್ಲ ಮತ್ತೆ ಒಳ್ಳೆಯ ಲಿಟರಿಗೇ ಬೀಳುತ್ತದೆ, ವಾರದಲ್ಲಿ ಇಡೀ ಡ್ರಮ್ ನಾರುತ್ತದೆ.

ಈ ನಿಮಿಷದ ಲೆಕ್ಕ ಬಹಳ ಬೆಕ್ಕಿನ ಮನೆಗೆ ಇನ್ನೂ ಮುಖ್ಯ. ಬೆಕ್ಕು ಹೊರಬಂದ ಮೇಲೆ ಎಷ್ಟು ಹೊತ್ತಿಗೆ ತಿರುಗಬೇಕು ಅನ್ನುವುದನ್ನು ನಾವೇ ಇಡಬಹುದು. ಲಿಟರ್-ರೋಬೋಟ್ 3 ಅನ್ನುವ ಡ್ರಮ್ ಮಾದರಿಯಲ್ಲಿ 3, 7, 15 ನಿಮಿಷ ಇದೆ. 15 ಇಟ್ಟರೆ, ಅಷ್ಟರಲ್ಲಿ ಇನ್ನೊಂದು ಬೆಕ್ಕು ಹೊಕ್ಕು ಎಣಿಕೆ ಮತ್ತೆ ಮೊದಲಿನಿಂದ ಶುರು. ಬೆಳಗಿನ ಊಟವಾದ ಮೇಲೆ ನಾಲ್ಕೂ ಸಾಲಾಗಿ ಹೋದರೆ ಡ್ರಮ್ ತಿರುಗುವುದೇ ಇಲ್ಲ. 3 ಇಟ್ಟರೆ ಉಂಡೆ ಹಸಿಯಾಗಿದ್ದು ಗೋಡೆಗೆ ಮೆತ್ತುತ್ತದೆ. 7ರಿಂದ ಶುರು ಮಾಡಿ.

ಮಂಗಳೂರಿನಿಂದ: ಮಳೆಗಾಲದಲ್ಲಿ ನಮ್ಮ ಕಡೆ 7 ಸಾಲುವುದಿಲ್ಲ, ಕರಾವಳಿಯವರು 10-15ಕ್ಕೆ ಏರಿಸಿ. ಚೀಲ ಬಿಚ್ಚಿದ ಮೇಲೆ ಉಳಿದ ಲಿಟರನ್ನು ಬಿಗಿ ಮುಚ್ಚಳದ ಡಬ್ಬಕ್ಕೆ ಸುರಿದಿಡಿ. ಕುಂಟೆಯಂತೆ ಎಳೆಯುವ ಮಾದರಿಗೆ ಬರುವ ಸಿಲಿಕಾ ಹರಳು ಗಾಳಿಯ ತೇವವನ್ನೇ ಕುಡಿದು ಬೇಗ ಸೋಲುತ್ತದೆ. ನಾಲ್ಕು ಬೆಕ್ಕಿಗೆ ಅದು ದುಬಾರಿ ಬಾಬತ್ತು.

ಅಮೆರಿಕದಿಂದ: ಮರಿಯನ್ನು ಮರೆಯಬೇಡಿ. ಬೆಕ್ಕು ಒಳಗಿದೆ ಅಂತ ಮೆಷಿನ್ನಿಗೆ ತಿಳಿಯುವುದು ಮುಖ್ಯವಾಗಿ ತೂಕದಿಂದ. ಲಿಟರ್-ರೋಬೋಟ್ 4 ರಲ್ಲಿ ಕನಿಷ್ಠ 3 ಪೌಂಡ್, ಅಂದರೆ ಸುಮಾರು 1.36 ಕಿಲೋ ಬೇಕು. ಲಿಟರ್-ರೋಬೋಟ್ 3 ರಲ್ಲಿ 5 ಪೌಂಡ್. ಮೂರು ತಿಂಗಳ ಮರಿ ಗಡಿಯಲ್ಲೇ ಇರುತ್ತದೆ. ಅದು 2 ಕಿಲೋ ದಾಟುವವರೆಗೆ ಆಟೋ ಬೇಡ, ನೀವು ನಿಂತು ನೋಡಿ ಬಟನ್ ಒತ್ತಿ.

ಅಗ್ಗದ ಮೆಷಿನ್ನಾದರೆ ತಿರುಗುವಾಗ ಒಳಡ್ರಮ್ಮಿನ ಬಾಯಿ ಹೊರಕವಚದ ಅಂಚಿಗೆ ಕತ್ತರಿಯಂತೆ ಮುಚ್ಚಿಕೊಳ್ಳುತ್ತದೆಯೇ ನೋಡಿ. ಸುತ್ತಿದ ಟವೆಲ್ ತೂರಿಸಿ, ಕೈ ದೂರ ಇಟ್ಟುಕೊಂಡು ತಿರುಗಿಸಿ. ತಕ್ಷಣ ನಿಂತು ಹಿಂದಕ್ಕೆ ಹೋಗದಿದ್ದರೆ ಅಂಗಡಿಗೆ ವಾಪಸ್.

ಕೂರಿಸುವುದು ಗಟ್ಟಿ ನೆಲದ ಮೇಲೆ. ಕಾರ್ಪೆಟ್ ಮೇಲಿಟ್ಟರೆ, ಗೋಡೆಗೆ ತಾಗಿದರೆ ತೂಕ ತಪ್ಪು ಓದುತ್ತದೆ. ಲಿಟರ್ ಗೆರೆ ಮೀರಿ ಸುರಿದರೆ ಮೋಟಾರಿಗೆ ಭಾರ, ಶುದ್ಧ ಲಿಟರೂ ಡ್ರಾಯರಿಗೆ ಸುರಿಯುತ್ತದೆ.

ಮೈಸೂರಿನಿಂದ: ಡ್ರಾಯರ್ ವಾರಕ್ಕೊಮ್ಮೆ ಸಾಕು ಅನ್ನುವುದು ಜಾಹೀರಾತಿನ ಮಾತು. ಬೆಕ್ಕೊಂದಕ್ಕೆ ದಿನಕ್ಕೆ ಎರಡರಿಂದ ನಾಲ್ಕು ಉಚ್ಚೆ ಉಂಡೆ, ಜೊತೆಗೆ ಕಕ್ಕ. ನಾಲ್ಕು ಬೆಕ್ಕೆಂದರೆ ಎರಡು ದಿನಕ್ಕೆ ತುಂಬಿತು ಅನ್ನಿ. ಖಾಲಿಯಿದ್ದರೂ "ತುಂಬಿದೆ" ಅಂದರೆ ಕಸದ ಚೀಲ ಉಬ್ಬಿ ಸೆನ್ಸರಿಗೆ ಅಡ್ಡ ಬಂದಿದೆ, ಇಲ್ಲವೇ ಧೂಳು ಕೂತಿದೆ. ಒಣ ಹತ್ತಿ ಬಟ್ಟೆಯಲ್ಲಿ ಒರೆಸಿ.

ತೊಳೆಯಲು ಫಿನೈಲ್, ಡೆಟಾಲ್ ಬೇಡವೇ ಬೇಡ. ಫೀನಾಲ್ ಜಾತಿಯ ರಾಸಾಯನಿಕವನ್ನು ಬೆಕ್ಕಿನ ಲಿವರ್ ಅರಗಿಸಿಕೊಳ್ಳಲಾರದು. ಬ್ಲೀಚೂ ಬೇಡ, ಉಚ್ಚೆಯ ಅಮೋನಿಯಾ ಸೇರಿದರೆ ವಿಷದ ಗಾಳಿ. ಪಾತ್ರೆ ತೊಳೆಯುವ ಲಿಕ್ವಿಡ್, ಬಿಸಿನೀರು ಸಾಕು. ಪೂರ್ತಿ ಒಣಗಿದ ಮೇಲೇ ಲಿಟರ್ ಹಾಕಿ. ಕರೆಂಟ್ ಅರ್ಧ ಸುತ್ತಿನಲ್ಲಿ ಹೋದರೆ ಬಾಯಿ ಮೇಲಾಗಿ ನಿಲ್ಲುತ್ತದೆ, ಆದ್ದರಿಂದ ಇನ್ವರ್ಟರ್ ಲೈನಿಗೆ ಕೊಡಿ. ಹೊರದೇಶದಿಂದ ತರಿಸಿದ್ದಾದರೆ ಅಡಾಪ್ಟರ್ ಮೇಲೆ 100-240 ವೋಲ್ಟ್ ಅಂತ ಇದೆಯೇ ಓದಿ.

ಹುಬ್ಬಳ್ಳಿಯಿಂದ: ಅಭ್ಯಾಸ ಮಾಡಿಸುವಾಗ ಅವಸರ ಬ್ಯಾಡ್ರಿ. ಮೊದಲ ವಾರ ಪ್ಲಗ್ ಹಾಕಬ್ಯಾಡ್ರಿ, ಹಳೇ ಟ್ರೇದಾಗಿನ ಒಂದು ಹಿಡಿ ಲಿಟರ್ ಒಳಗ ಹಾಕ್ರಿ. ನಾಲ್ಕೂ ಹೋಗಾಕ ಶುರು ಮಾಡಿದ ಮ್ಯಾಲೆ, ಅವು ಬ್ಯಾರೆ ಖೋಲಿಯೊಳಗ ಇದ್ದಾಗ ತಿರುಗಿಸ್ರಿ. ಮೂರು ಟ್ರೇದಾಗ ಒಂದನ್ನ ತೆಗಿಯೋದು ಆಮ್ಯಾಲೆ.

ಕೇಳಿದವರು: ಮನೆಯಲ್ಲಿ ಒಬ್ಬರು ಬಸುರಿ ಇದ್ದಾರೆ. ಕೈ ಮುಟ್ಟುವ ಕೆಲಸ ಕಡಿಮೆಯಲ್ಲವೇ?

ಬೆಂಗಳೂರಿನಿಂದ: ಅವರು ಡ್ರಾಯರ್ ಮುಟ್ಟುವುದೇ ಬೇಡ. ಹೊಟ್ಟೆಯಲ್ಲಿನ ಮಗುವಿಗೆ ತೊಂದರೆ ಕೊಡಬಲ್ಲ ಟಾಕ್ಸೊಪ್ಲಾಸ್ಮಾ ಅನ್ನುವ ಪರಾವಲಂಬಿ ಜೀವಿ ಬೆಕ್ಕಿನ ಕಕ್ಕದಲ್ಲಿ ಹೊರಬಿದ್ದು 1ರಿಂದ 5 ದಿನದಲ್ಲಿ ಸೋಂಕು ತಗುಲಿಸುವ ಹಂತಕ್ಕೆ ಬರುತ್ತದೆ, ಡ್ರಾಯರಿನಲ್ಲಿ ಕೂತಿರುವುದೂ ಅಷ್ಟೇ ದಿನ. ಬೇರೆಯವರು ಗ್ಲೌಸ್ ಹಾಕಿ ದಿನವೂ ಖಾಲಿ ಮಾಡಲಿ. ಬೆಂಟೊನೈಟನ್ನು ಕಮೋಡಿಗೆ ಸುರಿಯಬೇಡಿ, ಊದಿಕೊಂಡು ಪೈಪ್ ಕಟ್ಟುತ್ತದೆ. ಪೇಪರಿನಲ್ಲಿ ಸುತ್ತಿ ಒಣ, ಹಸಿ ಕಸದಿಂದ ಬೇರೆಯಾಗಿ ಕೊಡಿ.

ಗಂಡು ಬೆಕ್ಕಿದ್ದರೆ, ಯಾವ ಬೆಕ್ಕು ಎಷ್ಟು ಸಲ ಹೋಯಿತು ಅಂತ ತೂಕದಿಂದ ಗುರುತಿಸಿ ತೋರಿಸುವ ಮೆಷಿನ್ನಿನ ಮೊಬೈಲ್ ಆ್ಯಪ್ ದಿನಾ ನೋಡಿ. ಉಚ್ಚೆ ಉಂಡೆ ಕಣ್ಣಿಗೆ ಬೀಳದ ಕಾರಣ ಮೂತ್ರ ಕಟ್ಟಿದ್ದು ಗೊತ್ತಾಗುವುದೇ ಇಲ್ಲ. ಒಂದೇ ಬೆಕ್ಕು ಮೇಲಿಂದ ಮೇಲೆ ಹೋಗಿ ಬರುತ್ತಿದ್ದು ಉಂಡೆ ಬೀಳದಿದ್ದರೆ ಅದೇ ದಿನ ಡಾಕ್ಟರ್. ತೂಕ ಹೆಚ್ಚುಕಮ್ಮಿ ಒಂದೇ ಇರುವ ಬೆಕ್ಕುಗಳನ್ನು ಆ್ಯಪ್ ಅದಲುಬದಲು ಮಾಡುತ್ತದೆ, ಅನುಮಾನ ಬಂದರೆ ಆ ಬೆಕ್ಕನ್ನು ಸಾದಾ ಟ್ರೇ ಇಟ್ಟು ಬೇರೆ ಕೋಣೆಯಲ್ಲಿ ಬಿಡಿ. ಭೇದಿಯಾದಾಗಲೂ ಆಟೋ ಆಫ್ ಮಾಡಿ, ಇಲ್ಲದಿದ್ದರೆ ಒಂದೇ ಸುತ್ತಿಗೆ ಇಡೀ ಡ್ರಮ್ಮಿಗೆ ಬಳಿದುಕೊಳ್ಳುತ್ತದೆ.