ತಂತಿ ಎಳೆದರೆ ಶ್ರುತಿ ಸೇರುವುದಿಲ್ಲ, ಪಕ್ಕದ ತಂತಿ ಸುಮ್ಮನಿರುವುದಿಲ್ಲ

ಪ್ರಶ್ನೆ (ನಾಪೋಕ್ಲುವಿನಿಂದ):
ಮೇಷ್ಟ್ರೇ, ನಮಸ್ಕಾರ. ಎಲೆಕ್ಟ್ರಿಕ್ ಗಿಟಾರ್ ಹಿಡಿದು ಒಂದೂವರೆ ವರ್ಷವಾಯಿತು. ಕಾರ್ಡ್, ಸ್ಕೇಲ್ ಒಂದು ಹದಕ್ಕೆ ಬಂದಿವೆ. ಆದರೆ ಸೋಲೊದಲ್ಲಿ ತಂತಿ ಬೆಂಡ್ ಮಾಡಿದರೆ (ಒತ್ತಿದ ತಂತಿಯನ್ನು ಪಕ್ಕಕ್ಕೆ ತಳ್ಳಿ ಸ್ವರ ಏರಿಸಿದರೆ) ಸ್ವರ ಅರ್ಧದಾರಿಯಲ್ಲೇ ನಿಲ್ಲುತ್ತದೆ, ಉಂಗುರ ಬೆರಳು ಉರಿಯುತ್ತದೆ. ಇಳಿಸುವಾಗ ಪಕ್ಕದ ತಂತಿ ಗುಂಯ್ ಎನ್ನುತ್ತದೆ. ಸದ್ದನ್ನು ಒರಟಾಗಿಸುವ ಓವರ್‌ಡ್ರೈವ್ ಹಾಕಿದರಂತೂ, ತೋಟದಲ್ಲಿ ಯಾರಾದರೂ ಜೇನುಗೂಡಿಗೆ ಕಲ್ಲು ಹೊಡೆದರೇ ಎಂದು ಅಮ್ಮ ಕೇಳುತ್ತಾರೆ. ಈಗಿರುವುದು 10ರ ಸೆಟ್ (ಅತಿ ತೆಳು ತಂತಿ 0.010 ಇಂಚು). ಇನ್ನೂ ತೆಳುವಾದ 9ರದ್ದು ಹಾಕಲೇ?

ಉತ್ತರ:
ತಂತಿ ಬದಲಿಸುವ ಮಾತು ಆಮೇಲೆ. ಮೊದಲು ಇದನ್ನು ಮಾಡಿ ನೋಡಿ. ಅತಿ ತೆಳು ತಂತಿಯಿಂದ ಎಣಿಸಿ ಎರಡನೇ ತಂತಿಯನ್ನು 5ನೇ ಫ್ರೆಟ್‌ನಲ್ಲಿ (ಕುತ್ತಿಗೆಯ ಮೆಟ್ಟಿನಲ್ಲಿ) ಒತ್ತಿ ಮೀಟಿ, ಆ ಸ್ವರವನ್ನು ಬಾಯಲ್ಲಿ ಗುನುಗಿ. ಈಗ ಮೂರನೇ ತಂತಿಯನ್ನು 7ನೇ ಫ್ರೆಟ್‌ನಲ್ಲಿ ಒತ್ತಿ, ಗುನುಗಿದ ಸ್ವರ ಸಿಗುವವರೆಗೆ ಮೇಲಕ್ಕೆ ತಳ್ಳಿ. ಗುನುಗದೆ ತಳ್ಳುವವರೇ ಹೆಚ್ಚು. ಎಲ್ಲಿಗೆ ಹೋಗಬೇಕೆಂದು ಗೊತ್ತಿಲ್ಲದ ಬೆರಳು ಎಲ್ಲೋ ಒಂದು ಕಡೆ ನಿಂತುಬಿಡುತ್ತದೆ. ವೀಣೆಯವರು ಒಂದೇ ಮೆಟ್ಟಿನ ಮೇಲೆ ತಂತಿ ಎಳೆದು ಮೇಲಿನ ಸ್ವರ ಮುಟ್ಟುವುದೂ ಕಿವಿಯ ಬಲದಿಂದಲೇ.

ಇನ್ನು ಉರಿಯ ವಿಚಾರ. ಎರಡು ಫ್ರೆಟ್ ಮೇಲಿನ ಸ್ವರ ಬರಬೇಕಾದರೆ ತಂತಿಯ ಬಿಗಿ ನಾಲ್ಕನೇ ಒಂದು ಪಾಲಿಗಿಂತ ತುಸು ಜಾಸ್ತಿಯೇ ಏರಬೇಕು. ಅದನ್ನು ಒಂದು ಬೆರಳಿನ ತಲೆಗೆ ಕಟ್ಟಿದರೆ ಉರಿಯದೆ ಇನ್ನೇನು? ಉಂಗುರ ಬೆರಳು 7ರಲ್ಲಿದ್ದಾಗ ಮಧ್ಯದ ಬೆರಳು 6ರಲ್ಲಿ, ತೋರು ಬೆರಳು 5ರಲ್ಲಿ ಅದೇ ತಂತಿಯ ಮೇಲೆ ಇರಲಿ; ಮೂರೂ ಸೇರಿ ತಳ್ಳಲಿ. ಹೆಬ್ಬೆರಳನ್ನು ಕುತ್ತಿಗೆಯ ಮೇಲಂಚಿನಿಂದ ಇಣುಕುವಂತೆ ಕೊಕ್ಕೆ ಹಾಕಿ, ತೋರು ಬೆರಳಿನ ಬುಡವನ್ನು ಕೆಳಗಿನ ಅಂಚಿಗೆ ಒರಗಿಸಿ, ಬಾಗಿಲಿನ ಬೀಗದಕೈ ತಿರುಗಿಸಿದಂತೆ ಮಣಿಕಟ್ಟನ್ನು ತಿರುಗಿಸಿ. ಬೆರಳುಗಳು ಬರೀ ಹಿಡಿದುಕೊಂಡಿರುತ್ತವೆ.

ಗುಂಯ್ ಎನ್ನುವುದಕ್ಕೂ ಮದ್ದು ಇದೇ ಕೈಯಲ್ಲಿದೆ. ತೋರು ಬೆರಳಿನ ತುದಿ ನಾಲ್ಕನೇ ತಂತಿಗೆ ತಾಗಿರಲಿ, ಅದರ ಹೊಟ್ಟೆ ಒಂದು ಮತ್ತು ಎರಡನೇ ತಂತಿಯ ಮೇಲೆ ಸಡಿಲವಾಗಿ ಮಲಗಿರಲಿ. ಒತ್ತಬೇಡಿ, ತಾಗಿದರೆ ಸಾಕು. ದಪ್ಪ ತಂತಿಗಳು ಬಲಗೈ ಪಾಲು: ಅಂಗೈಯ ಅಂಚನ್ನು ಬ್ರಿಜ್ (ಗಿಟಾರಿನ ಒಡಲ ಮೇಲೆ ತಂತಿಗಳು ಕೂರುವ ಭಾಗ) ಹತ್ತಿರ ಅವುಗಳ ಮೇಲಿಡಿ. ಹೆಚ್ಚಿನವರ ಗದ್ದಲವೆಲ್ಲ ಏರಿಸುವಾಗಲ್ಲ, ಇಳಿಸುವಾಗ. ಮೇಲೆ ತಳ್ಳಿದ ನಾಲ್ಕನೇ ತಂತಿ ಬೆರಳಿನಿಂದ ಜಾರಿ ತನ್ನ ಜಾಗಕ್ಕೆ ಮರಳುವಾಗ ಮೀಟಿದಂತೆಯೇ ಆಗುತ್ತದೆ. ಅಂಗೈ ಅಲ್ಲಿ ಕಾಯುತ್ತಿದ್ದರೆ ಸದ್ದಿಲ್ಲ.

ಓವರ್‌ಡ್ರೈವ್ ಸಣ್ಣ ಸದ್ದನ್ನೂ ದೊಡ್ಡದು ಮಾಡುತ್ತದೆ. ಹಾಗಾಗಿ ಶ್ರುತಿಯ ಅಭ್ಯಾಸ ಓವರ್‌ಡ್ರೈವ್ ಇಲ್ಲದ ಕ್ಲೀನ್ ಸದ್ದಿನಲ್ಲಿ, ಪಕ್ಕದ ತಂತಿ ಸುಮ್ಮನಿರಿಸುವ (ಮ್ಯೂಟ್) ಅಭ್ಯಾಸ ಓವರ್‌ಡ್ರೈವ್‌ನಲ್ಲಿ. ಅಮ್ಮನವರ ಕ್ಷಮೆ ಕೇಳಿಕೊಂಡು.

ಪ್ರಶ್ನೆ (ಅದೇ ಸದಸ್ಯೆ, ಹತ್ತು ದಿನದ ಮೇಲೆ):
ಮೇಷ್ಟ್ರೇ, ಗುಂಯ್ ಬಹುಪಾಲು ನಿಂತಿದೆ. ಸ್ವರವೂ ಮುಟ್ಟುತ್ತದೆ, ಆದರೆ ಹೋಗುವಾಗ ತಂತಿ ಫ್ರೆಟ್ ಮೇಲೆ ಕರಕರ ಎನ್ನುತ್ತದೆ. ಬಿಟ್ಟ ಮೇಲೆ ಆ ತಂತಿಯ ಶ್ರುತಿಯೂ ತಪ್ಪಿರುತ್ತದೆ.

ಉತ್ತರ:
ಶ್ರುತಿ ತಪ್ಪುವುದು ಬಹುಶಃ ನಟ್‌ನಲ್ಲಿ (ಕುತ್ತಿಗೆಯ ತುದಿಯಲ್ಲಿ ತಂತಿಗಳು ಕೂರುವ ಕಚ್ಚುಗಳ ಪಟ್ಟಿ) ತಂತಿ ಸಿಕ್ಕಿಕೊಂಡು. ತಂತಿ ಸಡಿಲಿಸಿ ಆ ಕಚ್ಚಿನಲ್ಲಿ ಪೆನ್ಸಿಲ್ ತುದಿ ಉಜ್ಜಿ, ಗ್ರಾಫೈಟ್ ಪುಡಿ ಜಾರುಗೊಡುತ್ತದೆ. ಕರಕರಕ್ಕೆ ನನಗೆ ನಿಮ್ಮ ಊರಿನ ಮೇಲೇ ಗುಮಾನಿ. ಕೊಡಗಿನ ಕಕ್ಕಡ ತಿಂಗಳ ಮಳೆಗೆ ಬೀರುವಿನೊಳಗಿನ ಬೆಲ್ಟಿಗೇ ಬೂಷ್ಟು ಹಿಡಿಯುವಾಗ ಉಕ್ಕಿನ ತಂತಿ ಬಿಟ್ಟೀತೇ? ಬಿಳಿ ಬಟ್ಟೆಯಲ್ಲಿ ತಂತಿಯನ್ನು ಹಿಡಿದು ಉದ್ದಕ್ಕೂ ಒರೆಸಿ, ಬಣ್ಣ ಹೇಳಿ.

ಇನ್ನೊಬ್ಬರು (ಕುಶಾಲನಗರದಿಂದ):
ನಮ್ಮಲ್ಲಿ ಮಳೆ ಕಡಿಮೆ, ಆದರೂ ನಾನು ಗಿಟಾರನ್ನು ಗೋಡೆಗೆ ನೇತುಹಾಕುವುದಿಲ್ಲ. ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಇಡುತ್ತೇನೆ, ನುಡಿಸಿದ ಮೇಲೆ ಬೆವರು ಒರೆಸುತ್ತೇನೆ.

ನಾಪೋಕ್ಲುವಿನ ಸದಸ್ಯೆ:
ಒರೆಸಿದೆ ಮೇಷ್ಟ್ರೇ. ಬಟ್ಟೆ ಕಾಫಿ ಬಣ್ಣಕ್ಕೆ ಬಂತು.

ಉತ್ತರ:
ಹಾಗಾದರೆ ತುಕ್ಕೇ, ತಂತಿ ಬದಲಿಸಿ. 10ರದ್ದೇ ತನ್ನಿ, ಕೈ ಈಗ ತಾನೇ ದಾರಿಗೆ ಬಂದಿದೆ, 9ರದ್ದು ಹಾಕಿದರೆ ಸ್ವರ ದಾಟಿ ಮುಂದೆ ಹೋಗುತ್ತೀರಿ. ಲೇಪನವಿರುವ ತಂತಿ ಸಿಕ್ಕರೆ ಬೆಲೆ ಹೆಚ್ಚಾದರೂ ತೆಗೆದುಕೊಳ್ಳಿ. ಹಳೆಯದನ್ನು ಬಿಚ್ಚಿದಾಗ ಫ್ರೆಟ್‌ಗಳನ್ನೂ ಒರೆಸಿಬಿಡಿ.